ಟ್ಯೂಡರ್ ಮನೆಗೆ ಬಣ್ಣ ಆರಿಸುವ ಮುನ್ನ ಇಟ್ಟಿಗೆಯನ್ನು ನೋಡಬೇಕು

ಟ್ಯೂಡರ್ ಶೈಲಿಯ ಮನೆಯ ಹೊರಗೋಡೆಗೆ ಬಣ್ಣ ಆರಿಸಿಕೊಡಿ ಎಂದು ಬರುವವರಲ್ಲಿ ಹೆಚ್ಚಿನವರು ಎರಡು ಬಣ್ಣಗಳನ್ನು ಮೊದಲೇ ನಿಶ್ಚಯಿಸಿಕೊಂಡು ಬಂದಿರುತ್ತಾರೆ: ಗೋಡೆಗೆ ಅಚ್ಚ ಬಿಳಿ, ಮರದ ಪಟ್ಟಿಗಳಿಗೆ ಕಡುಗಪ್ಪು. ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಸುತ್ತಮುತ್ತಲ ಹಳೆಯ ಮನೆಗಳ ಹೊರಮೈಯನ್ನು ದುರಸ್ತಿ ಮಾಡಿ ಬಣ್ಣ ಹಚ್ಚುವ ಸಂಸ್ಥೆಯೊಂದರಲ್ಲಿ ಬಣ್ಣಗಳ ಆಯ್ಕೆ ನನ್ನ ಹೊಣೆ. ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠವೊಂದಿದೆ. ಟ್ಯೂಡರ್ ಮನೆಯಲ್ಲಿ ನಾವು ನಿಜವಾಗಿ ಆರಿಸುವುದು ಒಂದು ಬಣ್ಣವನ್ನೋ ಎರಡು ಬಣ್ಣಗಳನ್ನೋ ಅಲ್ಲ. ಮರದ ಬಣ್ಣಕ್ಕೂ ಗಾರೆಯ ಬಣ್ಣಕ್ಕೂ ನಡುವೆ ತಿಳಿ–ಗಾಢದ ಅಂತರ ಎಷ್ಟಿರಬೇಕು ಎಂಬುದನ್ನು. ಆ ಅಂತರವನ್ನು ನಿರ್ಧರಿಸಿಕೊಡುವುದು ಮನೆಯಲ್ಲಿ ಮೊದಲಿನಿಂದ ಇರುವ, ನಾವು ಬದಲಾಯಿಸಲಾಗದ ಇಟ್ಟಿಗೆ, ಕಲ್ಲು ಮತ್ತು ಚಾವಣಿ.

ಟ್ಯೂಡರ್ ಎಂದರೆ ನಮ್ಮವರಿಗೆ ತಕ್ಷಣ ನೆನಪಾಗುವುದು ಬೆಂಗಳೂರು ಅರಮನೆ. ಅದು ಬುರುಜುಗಳೂ ಕೋಟೆತೆನೆಗಳೂ ಇರುವ ಕಲ್ಲಿನ ಕಟ್ಟಡ. ಇಂಗ್ಲೆಂಡಿನ ದೊಡ್ಡ ಮಹಲುಗಳ ಮಾದರಿಯದು. ನಾನು ಹೇಳುತ್ತಿರುವ ಮನೆಗಳು ಬೇರೆ. 1890ರಿಂದ 1940ರವರೆಗೆ, ಅದರಲ್ಲೂ 1920ರ ದಶಕದಲ್ಲಿ, ಅಮೆರಿಕದ ಹೊಸ ಬಡಾವಣೆಗಳಲ್ಲಿ ಇಂಗ್ಲೆಂಡಿನ ಹಳ್ಳಿಮನೆಗಳನ್ನು ನೆನಪಿಸುವಂತೆ ಕಟ್ಟಿದವು ಇವು. ಕಡಿದಾದ ಚಾವಣಿ, ಎತ್ತರದ ಹೊಗೆಗೂಡು, ಕೆಳಗಿನ ಅಂತಸ್ತಿಗೆ ಇಟ್ಟಿಗೆ, ಮೇಲಿನ ತ್ರಿಕೋನ ಗೋಡೆಗಳಲ್ಲಿ ಮರದ ಪಟ್ಟಿಗಳು ಮತ್ತು ಅವುಗಳ ನಡುವೆ ಗಾರೆ, ಸೀಸದ ಪಟ್ಟಿಗಳಲ್ಲಿ ಕೂಡಿಸಿದ ಸಣ್ಣ ಸಣ್ಣ ಗಾಜುಗಳ ಕಿಟಕಿ ಇವುಗಳ ಗುರುತು. ವ್ಯಾನ್ ಸ್ವೆರಿಂಜೆನ್ ಸಹೋದರರು ಕ್ಲೀವ್‌ಲ್ಯಾಂಡ್ ಪಕ್ಕದಲ್ಲಿ ಬೆಳೆಸಿದ ಶೇಕರ್ ಹೈಟ್ಸ್‌ನಲ್ಲಿ ಇಂತಹ ಮನೆಗಳು ಬೀದಿ ಬೀದಿಗೂ ಸಿಗುತ್ತವೆ.

ಕಪ್ಪು–ಬಿಳುಪು ಈ ಶೈಲಿಯ ಮೂಲ ರೂಪ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಇಂಗ್ಲೆಂಡಿನಲ್ಲಿ 15 ಮತ್ತು 16ನೇ ಶತಮಾನಗಳ ಮನೆಗಳಿಗೆ ಓಕ್ ಮರದ ಚೌಕಟ್ಟೇ ಆಧಾರವಾಗಿತ್ತು, ಮತ್ತು ಅದಕ್ಕೆ ಹಲವೆಡೆ ಏನನ್ನೂ ಹಚ್ಚುತ್ತಿರಲಿಲ್ಲ. ಹಾಗೆ ಬಿಟ್ಟ ಓಕ್ ಮಳೆ ಬಿಸಿಲಿಗೆ ಬೆಳ್ಳಿಯಂತಹ ಬೂದುಬಣ್ಣಕ್ಕೆ ತಿರುಗುತ್ತದೆ. ಸಫೋಕ್ ಪ್ರಾಂತದ ಲ್ಯಾವೆನಮ್‌ನಂತಹ ಊರುಗಳಲ್ಲಿ ಮರ, ಗಾರೆ ಎಂಬ ಭೇದವಿಲ್ಲದೆ ಎರಡರ ಮೇಲೂ ಸುಣ್ಣ ಬಳಿದ ಮನೆಗಳು ಇಂದಿಗೂ ಇವೆ. ಸುಣ್ಣಕ್ಕೆ ಮಣ್ಣಿನ ಬಣ್ಣ ಬೆರೆಸಿ ತೆಳುಗುಲಾಬಿಯನ್ನೋ ಹಳದಿಯನ್ನೋ ತರುವುದೂ ಉಂಟು. ಮರಕ್ಕೆ ಕಪ್ಪು ಬಳಿಯುವುದು ಎಲ್ಲೆಡೆ ಹರಡಿದ್ದು 19ನೇ ಶತಮಾನದಲ್ಲಿ, ಕಲ್ಲಿದ್ದಲಿನ ಟಾರು ಸುಲಭವಾಗಿ ಸಿಗತೊಡಗಿದ ಮೇಲೆ. ಚೆಸ್ಟರ್ ನಗರದ ಪ್ರಸಿದ್ಧ ಕಪ್ಪು–ಬಿಳುಪು ಕಟ್ಟಡಗಳಲ್ಲಿ ಅನೇಕವು ವಿಕ್ಟೋರಿಯಾ ರಾಣಿಯ ಕಾಲದವೇ ಹೊರತು ಟ್ಯೂಡರ್ ದೊರೆಗಳ ಕಾಲದವಲ್ಲ. ಆದ್ದರಿಂದ ಕಪ್ಪು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ಅದು ಹಲವು ದಾರಿಗಳಲ್ಲಿ ಒಂದು, ಕಡ್ಡಾಯವಲ್ಲ ಎಂದಷ್ಟೇ ಹೇಳುತ್ತೇನೆ. ಅಷ್ಟು ತಿಳಿದರೆ ಸಾಕು, ಮನೆಯವರು ತಮ್ಮ ಮನೆಯನ್ನು ಹೊಸದಾಗಿ ನೋಡಲು ಒಪ್ಪುತ್ತಾರೆ.

ಇದನ್ನು ಒಂದು ಮನೆಯ ಉದಾಹರಣೆಯಿಂದ ವಿವರಿಸುತ್ತೇನೆ. ಹುಬ್ಬಳ್ಳಿ ಮೂಲದ ದಂಪತಿಯೊಬ್ಬರು 1920ರ ದಶಕದಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡಿದ್ದರು. ಅದರ ಗಾರೆ ಬಿಳಿಯಾಗಿತ್ತು, ಪಟ್ಟಿಗಳು ಕಪ್ಪಾಗಿದ್ದವು, ಎರಡೂ ಸಿಪ್ಪೆ ಏಳುತ್ತಿದ್ದವು, ಮತ್ತು ಅದೇ ಬಣ್ಣಗಳನ್ನು ಮತ್ತೆ ಹಚ್ಚಿಸಬೇಕೆಂದು ಅವರ ಇಚ್ಛೆಯಾಗಿತ್ತು. “ಕಪ್ಪು ಹಚ್ಚಿದ್ರ ಪಟ್ಟಿ ಎದ್ದು ಕಾಣ್ತಾವಲ್ರಿ ಮೇಡಂ, ಅದ ಅಲ್ಲೇನ್ರಿ ಈ ಮನೀ ಚಂದ?” ಎಂದು ಮನೆಯಾಕೆ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಉತ್ತರ ಹೇಳುವ ಬದಲು ಒಂದು ಬಕೆಟ್ ನೀರು ಮತ್ತು ಸ್ಪಂಜು ಕೇಳಿದೆ. ಮುಂಬಾಗಿಲಿನ ಪಕ್ಕದ ಇಟ್ಟಿಗೆ ಗೋಡೆಯನ್ನು ಒಂದಿಷ್ಟು ಅಗಲಕ್ಕೆ ಒರೆಸಿ ಒದ್ದೆ ಮಾಡಿದಾಗ, ದೂರದಿಂದ ಬರಿಯ ಕೆಂಪಾಗಿ ಕಾಣುತ್ತಿದ್ದ ಗೋಡೆಯಲ್ಲಿ ಕೆಂಗಂದು, ಭಟ್ಟಿಯಲ್ಲಿ ಹೆಚ್ಚು ಬೆಂದು ನೇರಳೆಗೆ ತಿರುಗಿದ ಕಪ್ಪು, ಅಲ್ಲಲ್ಲಿ ಸಾಸಿವೆ ಹಳದಿ, ಮತ್ತು ಇವನ್ನೆಲ್ಲ ಕೂಡಿಸುವ ಮರಳುಬಣ್ಣದ ಸಂದುಗಾರೆ ಬೇರೆ ಬೇರೆಯಾಗಿ ಕಂಡವು. ಮನೆಯ ಯಜಮಾನರು ಬಗ್ಗಿ ನೋಡಿ, ಇಷ್ಟು ಬಣ್ಣಗಳು ತಮ್ಮ ಗೋಡೆಯಲ್ಲಿವೆ ಎಂಬುದೇ ತಿಳಿದಿರಲಿಲ್ಲ ಎಂದರು.

ಅನಂತರ ನೀರಿಳಿಯುವ ಕೊಳವೆಯ ಹಿಂದೆ, ಬಿಸಿಲು ಬೀಳದ ಜಾಗದಲ್ಲಿ, ಪಟ್ಟಿಯ ಮೇಲಿನ ಬಣ್ಣವನ್ನು ಒದ್ದೆ ಮಾಡಿ ಸಣ್ಣ ಅಲಗಿನಿಂದ ಪದರ ಪದರವಾಗಿ ಬಿಡಿಸಿದೆ. ಮೇಲೆ ಕಪ್ಪು, ಅದರಡಿ ಚಾಕೊಲೇಟ್ ಕಂದು, ಅದರಡಿ ಇನ್ನೊಂದು ಮಾಸಿದ ಕಂದು, ಎಲ್ಲದರ ತಳದಲ್ಲಿ ಮರದ ಎಳೆಗಳು ಕಾಣುವಂತೆ ಹಚ್ಚಿದ್ದ ತೆಳುವಾದ ಸ್ಟೇನ್. ಮೂಲೆಯಲ್ಲಿ ಒಡೆದಿದ್ದ ಗಾರೆಯ ಚೂರಿನ ಒಳಮೈ ಬಿಳಿಯಾಗಿರಲಿಲ್ಲ. ಮರಳಿನ ಹರಳುಗಳು ಎದ್ದು ಕಾಣುವ, ಗೋಧಿಹಿಟ್ಟಿನದಕ್ಕಿಂತ ಸ್ವಲ್ಪ ಗಾಢವಾದ ಬಣ್ಣ ಅದು. ಕಟ್ಟಿದವರು ಇಟ್ಟಿಗೆ, ಗಾರೆ, ಮರ ಮೂರನ್ನೂ ಒಂದೇ ಬಣ್ಣದ ಕುಟುಂಬದಿಂದ ಆರಿಸಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಲ್ಲಿಯೇ ಅಂತರದ ಮಾತು ಬರುತ್ತದೆ. ಪ್ರತಿ ಬಣ್ಣಕ್ಕೂ ಅದು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದನ್ನು ಹೇಳುವ, 0ಯಿಂದ 100ರವರೆಗಿನ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ ಮತ್ತು ಶೇಡ್ ಕಾರ್ಡಿನ ಹಿಂದೆ ಹಲವು ಕಂಪನಿಗಳು ಅದನ್ನು ಮುದ್ರಿಸುತ್ತವೆ. ಅಚ್ಚ ಬಿಳಿಯ ಸಂಖ್ಯೆ 85ರ ಆಚೀಚೆ ಇದ್ದರೆ ಕಪ್ಪಿನದು 5ಕ್ಕಿಂತ ಕಡಿಮೆ. ಇವೆರಡನ್ನು ಪಕ್ಕಪಕ್ಕ ಇಟ್ಟಾಗ ಕಣ್ಣು ಆ ಗೆರೆಗಳಿಗೇ ಅಂಟಿಕೊಳ್ಳುತ್ತದೆ. ಕೆಳಗಿನ ಇಟ್ಟಿಗೆ, ಬಾಗಿಲಿನ ಸುತ್ತಲ ಸುಣ್ಣಕಲ್ಲು, ಸ್ಲೇಟಿನ ಚಾವಣಿ ಎಲ್ಲವೂ ಹಿಂದೆ ಸರಿದು, ಮನೆಯ ಮೇಲರ್ಧ ಕೆಳಗಿನ ಅರ್ಧದಿಂದ ಕಡಿದುಹೋದಂತೆ ಕಾಣುತ್ತದೆ. ಅದಲ್ಲದೆ ಸೊಟ್ಟಗಾದ ಪ್ರತಿ ಪಟ್ಟಿ, ಒಡೆದ ಪ್ರತಿ ಸಂದು ಬೀದಿಯಿಂದಲೇ ಕಾಣುತ್ತದೆ. ಇಟ್ಟಿಗೆ ಹೆಚ್ಚಾಗಿರುವ ಮನೆಗಳಲ್ಲಿ ನಾನು ಗಾರೆಯನ್ನು 50ರಿಂದ 65ರ ನಡುವೆ, ಮರವನ್ನು 8ರಿಂದ 15ರ ನಡುವೆ ಇರಿಸಲು ನೋಡುತ್ತೇನೆ. ಇಟ್ಟಿಗೆಯೇ ಇಲ್ಲದೆ ಇಡೀ ಮನೆ ಗಾರೆ ಮತ್ತು ಮರದ್ದಾಗಿದ್ದರೆ ಅಂತರ ಇದಕ್ಕಿಂತ ಹೆಚ್ಚಿದ್ದರೂ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಅದಕ್ಕೆ ಎದುರಾಗುವ ಮೂರನೆಯ ಬಣ್ಣವಿಲ್ಲ.

ಆ ಮನೆಯಲ್ಲಿ ಗಾರೆಯ ಬಣ್ಣವನ್ನು ಇಟ್ಟಿಗೆಯ ನಡುವಿನ ಸಂದುಗಾರೆಯಿಂದ ತೆಗೆದುಕೊಂಡೆವು, ಪಟ್ಟಿಗಳ ಕಂದನ್ನು ಹೆಚ್ಚು ಬೆಂದ ಇಟ್ಟಿಗೆಯಿಂದ. ಅಂಗೈಯಗಲದ ಕಾರ್ಡು ನೋಡಿ ತೀರ್ಮಾನಿಸಲು ನಾನು ಯಾರಿಗೂ ಬಿಡುವುದಿಲ್ಲ. ಹೊರಗಿನ ಬೆಳಕಿನಲ್ಲಿ, ದೊಡ್ಡ ಗೋಡೆಯ ಮೇಲೆ, ಯಾವುದೇ ಬಣ್ಣ ಕಾರ್ಡಿನಲ್ಲಿ ಕಂಡದ್ದಕ್ಕಿಂತ ತಿಳಿಯಾಗಿಯೂ ಢಾಳಾಗಿಯೂ ಕಾಣುತ್ತದೆ. ಆದ್ದರಿಂದ ಇಷ್ಟವಾದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ಗಾಢವಾದ, ಬೂದು ಬೆರೆತ ಬಣ್ಣವನ್ನೇ ಪರೀಕ್ಷೆಗೆ ಇಡಬೇಕು. ದೊಡ್ಡ ಹಲಗೆಗಳಿಗೆ ಎರಡು ಕೋಟು ಹಚ್ಚಿ, ಇಟ್ಟಿಗೆಗೆ ತಾಗಿಸಿ ನಿಲ್ಲಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೀದಿಯ ಆಚೆಯಿಂದ ನೋಡಬೇಕು, ಸಾಧ್ಯವಾದರೆ ಮಳೆ ನಿಂತ ಮೇಲೊಮ್ಮೆ ನೋಡಬೇಕು. ಉತ್ತರದ ಗೋಡೆಗೆ ನೇರ ಬಿಸಿಲು ಕಡಿಮೆ, ಅಲ್ಲಿ ಬೀಳುವ ಬೆಳಕು ನೀಲಿಯ ಕಡೆಗಿರುತ್ತದೆ. ದಕ್ಷಿಣದಲ್ಲಿ ಹಿತವಾಗಿ ಕಂಡ ಬೂದುಬಣ್ಣ ಅಲ್ಲಿ ಪೆಚ್ಚಾಗಿ ಕಾಣುವುದು ಸಾಮಾನ್ಯ.

ಬಣ್ಣದ ಆಯ್ಕೆ ಕಣ್ಣಿನ ಕೆಲಸ ಮಾತ್ರವಲ್ಲ ಎಂಬುದನ್ನು ಈ ಮನೆಗಳು ಚೆನ್ನಾಗಿ ತೋರಿಸಿಕೊಡುತ್ತವೆ. ಅಮೆರಿಕದ ಬಹುತೇಕ ಟ್ಯೂಡರ್ ಮನೆಗಳಲ್ಲಿ ಆ ಪಟ್ಟಿಗಳು ಭಾರ ಹೊರುವ ತೊಲೆಗಳಲ್ಲ. ಗೋಡೆಯ ಮೇಲೆ ಮೊಳೆ ಹೊಡೆದು ಕೂರಿಸಿದ ಹಲಗೆಗಳು. ಕಡುಗಪ್ಪು ಬಿಸಿಲನ್ನು ಹೀರಿಕೊಂಡಷ್ಟೂ ಪಶ್ಚಿಮದ ಗೋಡೆಯ ಹಲಗೆಗಳು ಕಾದು ಒಣಗಿ ಕುಗ್ಗುತ್ತವೆ, ಮಳೆಗೆ ಮತ್ತೆ ಹಿಗ್ಗುತ್ತವೆ, ಮರ ಮತ್ತು ಗಾರೆ ಕೂಡುವ ಸಂದು ಬಾಯಿ ಬಿಡುತ್ತದೆ. ಅಡ್ಡಪಟ್ಟಿಯ ಮೇಲಂಚಿನಲ್ಲಿ ನೀರು ನಿಂತು ಹಲಗೆ ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಕಪ್ಪಿನ ಬದಲು ಮಧ್ಯಮ ಕಂದನ್ನು ನಾನು ಶಿಫಾರಸು ಮಾಡುವುದಕ್ಕೆ ಇದೂ ಒಂದು ಕಾರಣ. ಮೇಲಂಚಿನ ಮತ್ತು ಪಕ್ಕದ ಸಂದುಗಳನ್ನು ಸೀಲಂಟ್‌ನಿಂದ ಮುಚ್ಚಿಸಿ, ಒಳಸೇರಿದ ನೀರು ಹೊರಬರಲೆಂದು ಕೆಳಂಚನ್ನು ತೆರೆದೇ ಬಿಡಿಸುತ್ತೇನೆ.

ಗಾರೆಗೆ ದಪ್ಪನೆಯ, ರಬ್ಬರಿನಂತೆ ಹಿಗ್ಗುವ ಎಲಾಸ್ಟೊಮೆರಿಕ್ ಬಣ್ಣ ಹಚ್ಚಿಸಿದರೆ ಬಿರುಕುಗಳೆಲ್ಲ ಮುಚ್ಚಿಹೋಗುತ್ತವೆ ಎಂದು ಮನೆಯವರಿಗೆ ಹೇಳುವವರಿದ್ದಾರೆ. ಗೋಡೆಯೊಳಗೆ ತೇವ ಸೇರಿದರೆ ಆ ಪೊರೆ ಅದನ್ನು ಹೊರಬಿಡುವುದಿಲ್ಲ. ಇಲ್ಲಿನ ಚಳಿಗಾಲದಲ್ಲಿ ತೇವ ಹೆಪ್ಪುಗಟ್ಟಿ, ಕರಗಿ, ಗಾರೆಯೇ ಸಡಿಲವಾಗುತ್ತದೆ. ಹಿಂದೆಂದೂ ಬಣ್ಣ ಕಾಣದ ಗಾರೆಯಾದರೆ ಸಿಲಿಕೇಟ್ ಬಣ್ಣವೇ ಉತ್ತಮ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಬಣ್ಣ ಗಾರೆಯ ಮೇಲೆ ಪೊರೆಯಾಗಿ ಕೂರದೆ ಅದರೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೆ ಬೆರೆಸುವುದು ಖನಿಜ ಮೂಲದ ಬಣ್ಣಗಳನ್ನು. ಹಾಗಾಗಿ ಅದರಲ್ಲಿ ಸಹಜವಾಗಿ ಸಿಗುವುದು ಟ್ಯೂಡರ್ ಮನೆಗೆ ಒಪ್ಪುವ ಮಣ್ಣಿನ ಬಣ್ಣಗಳೇ. ಈಗಾಗಲೇ ಗಾರೆಯ ಮೇಲೆ ಪೊರೆ ಕಟ್ಟುವ ಅಕ್ರಿಲಿಕ್ ಬಣ್ಣದ ಪದರವಿದ್ದರೆ ಸಿಲಿಕೇಟ್ ಹಿಡಿಯುವುದಿಲ್ಲ. ಹುಬ್ಬಳ್ಳಿಯವರ ಮನೆಯಲ್ಲಿ ಅಂತಹ ಪದರವಿದ್ದುದರಿಂದ, ಉಸಿರಾಡುವ ತೆಳುವಾದ ಅಕ್ರಿಲಿಕ್ಕನ್ನೇ, ಹೊಳಪಿಲ್ಲದ್ದನ್ನು, ಬಳಸಿದೆವು.

ಇಟ್ಟಿಗೆಗೆ ಬಣ್ಣ ಬಳಿಯುವ ಬೇಡಿಕೆ ಈಚೆಗೆ ಹೆಚ್ಚಾಗಿದೆ. ನಾನು ಅದನ್ನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಒಮ್ಮೆ ಬಳಿದರೆ ಇಟ್ಟಿಗೆಯ ಮೈ ಕೆಡಿಸದೆ ತೆಗೆಯುವುದು ಬಹಳ ಕಷ್ಟ, ಮತ್ತು ಮನೆಯ ಬಣ್ಣಗಳಿಗೆಲ್ಲ ಆಧಾರವಾಗಿದ್ದದ್ದೇ ಮರೆಯಾಗುತ್ತದೆ.

ಈ ವಯಸ್ಸಿನ ಮನೆ ಕೊಂಡವರು ಸೀಸದ ವಿಷಯದಲ್ಲಿ ಎಚ್ಚರ ವಹಿಸಲೇಬೇಕು. ಅಮೆರಿಕದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಗಳ ಹಳೆಯ ಬಣ್ಣವನ್ನು ಕೆರೆಯುವ ಗುತ್ತಿಗೆದಾರರು 2010ರಿಂದ ಜಾರಿಯಲ್ಲಿರುವ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ನಿಯಮದಂತೆ ಪ್ರಮಾಣಪತ್ರ ಪಡೆದಿರಬೇಕು, ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಧೂಳು ಹರಡದಂತೆ ತಡೆಯಬೇಕು. ಮಕ್ಕಳಿರುವ ಮನೆಯಲ್ಲಂತೂ ಕಡಿಮೆ ದರ ಹೇಳಿದವರಿಗೆ ಕೆಲಸ ಒಪ್ಪಿಸುವ ಮುನ್ನ ಆ ಪ್ರಮಾಣಪತ್ರವನ್ನು ಕೇಳಿ ನೋಡಿರಿ.

ಕಿಟಕಿಗಳ ಉಕ್ಕಿನ ಚೌಕಟ್ಟಿಗೆ ಪಟ್ಟಿಗಳಿಗಿಂತ ತುಸು ಗಾಢವಾದ, ಕಪ್ಪಿಗೆ ಹತ್ತಿರದ ಹಸಿರನ್ನು ಆರಿಸಿದೆವು. ಹೀಗೆ ಮನೆಯಾಕೆ ಬಯಸಿದ್ದ ಎದ್ದು ಕಾಣುವ ಗೆರೆ ಗೋಡೆಯ ತುಂಬ ಹರಡದೆ ಕಿಟಕಿಗಳಲ್ಲಿ ಉಳಿಯಿತು. ಓಕ್ ಮರದ ಮುಂಬಾಗಿಲಿಗೆ ಬಣ್ಣ ಹಚ್ಚದೆ ಎಣ್ಣೆ ಕುಡಿಸಿ ಬಿಟ್ಟೆವು. ಮೂರು ಬಣ್ಣಗಳ ಹೆಸರು, ಸಂಖ್ಯೆ, ಹೊಳಪಿನ ಮಟ್ಟ, ಹಚ್ಚಿದ ತಿಂಗಳು, ಜೊತೆಗೆ ಕೊಳವೆಯ ಹಿಂದೆ ಕಂಡ ಹಳೆಯ ಪದರಗಳ ಚಿತ್ರ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳೊಂದಿಗೆ ಇರಿಸಿಕೊಳ್ಳುವಂತೆ ಅವರಿಗೆ ಕೊಟ್ಟಿದ್ದೇನೆ.