ಗುಕೇಶ್ ಆಯ್ತು, ಮುಂದೆ ಯಾರು?

ಮಕ್ಕಳಿಗೆ ಚೆಸ್ ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆಮನೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ: "18 ವರ್ಷಕ್ಕೇ ಗುಕೇಶ್ ವಿಶ್ವ ಚಾಂಪಿಯನ್ ಆದ, ಸರಿ. ಅವನ ಹಿಂದೆ ಯಾರಾದ್ರೂ ಇದ್ದಾರಾ ಸರ್?"

ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. 1988ರಲ್ಲಿ ಆನಂದ್ ಚೆಸ್ಸಿನ ಅತಿ ದೊಡ್ಡ ಬಿರುದು ಗಳಿಸಿ ಗ್ರ್ಯಾಂಡ್‌ಮಾಸ್ಟರ್ ಆದಾಗ ಇಡೀ ದೇಶಕ್ಕೆ ಅವರೊಬ್ಬರೇ. ದೇಶಗಳ ತಂಡಗಳು ಆಡುವ 2024ರ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನಲ್ಲಿ ಓಪನ್, ಮಹಿಳಾ ವಿಭಾಗ ಎರಡರ ಚಿನ್ನವೂ ನಮಗೇ ಬಂತು. ಪ್ರಜ್ಞಾನಂದ, ಅರ್ಜುನ್ ಎರಿಗೈಸಿ ಇಬ್ಬರೂ ಇನ್ನೂ ಇಪ್ಪತ್ತರ ಆಸುಪಾಸಿನವರು. ಮೇಲಿನ ಸಾಲಿನ ಬಗ್ಗೆ ನನಗೆ ಚಿಂತೆಯೇ ಇಲ್ಲ.

ಚಿಂತೆ ಇರುವುದು ನಡುವಿನ ಮಕ್ಕಳದು. 2200, 2300 ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಮುಟ್ಟಿ ಅಲ್ಲೇ ನಿಂತುಬಿಡುವವರದು.

ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಬೇಕು, ಜೊತೆಗೆ ಸಾಮಾನ್ಯವಾಗಿ ಮೂರು ನಾರ್ಮ್ ಬೇಕು. ನಾರ್ಮ್ ಅಂದರೆ ಒಂದು ಟೂರ್ನಿ ಪೂರ್ತಿ 2600 ಮಟ್ಟದಲ್ಲಿ ಆಡುವುದು. ಅದೂ ಎದುರಾಳಿಗಳಲ್ಲಿ ಸಾಕಷ್ಟು ಗ್ರ್ಯಾಂಡ್‌ಮಾಸ್ಟರ್‌ಗಳು, ಬೇರೆ ದೇಶದವರು ಇರಬೇಕು. ಅಂಥ ಟೂರ್ನಿಗಳು ಇಲ್ಲಿ ಸಾಲುತ್ತಿಲ್ಲ. ಹಾಗಾಗಿ ಯುರೋಪಿಗೆ ಹೋಗಬೇಕು. ವೀಸಾ, ವಿಮಾನ, ಹೋಟೆಲ್ ಖರ್ಚು, ಜೊತೆಗೆ ಮನೆಯಿಂದ ಒಬ್ಬರು. ಎಂಟು ಸುತ್ತು ಚೆನ್ನಾಗಿ ಆಡಿ, ಒಂಬತ್ತನೆಯದರಲ್ಲಿ ಅರ್ಧ ಪಾಯಿಂಟ್ ಕಡಿಮೆ ಬಿತ್ತೋ, ನಾರ್ಮ್ ಇಲ್ಲ. ಮತ್ತೆ ಟಿಕೆಟ್ ತೆಗೆಸಬೇಕು.

ಗುಕೇಶ್ ಅಪ್ಪ ಇಎನ್‌ಟಿ ಡಾಕ್ಟರ್. ಮಗನ ಜೊತೆ ಓಡಾಡಲು ಪ್ರಾಕ್ಟೀಸ್ ನಿಲ್ಲಿಸಿದರು. ಮನೆ ನಡೆದಿದ್ದು ಅಮ್ಮನ ಸಂಬಳದಲ್ಲಿ. ಎಷ್ಟು ಮನೆಗಳಲ್ಲಿ ಇದು ಆಗುವ ಮಾತು ಹೇಳಿ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. 2025ರಲ್ಲಿ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಆ 88 ಜನರಲ್ಲಿ ಹೆಣ್ಣುಮಕ್ಕಳು ನಾಲ್ಕೇ: ಹಂಪಿ, ಹರಿಕಾ, ವೈಶಾಲಿ, ದಿವ್ಯಾ. ಚಿಕ್ಕ ಮಕ್ಕಳ ಟೂರ್ನಿಗಳಲ್ಲಿ ಹುಡುಗಿಯರು ಬೇಕಾದಷ್ಟು ಇರುತ್ತಾರೆ. ಹತ್ತನೇ ಕ್ಲಾಸು ಹತ್ತಿರ ಬಂದಂತೆ ಒಬ್ಬೊಬ್ಬರೇ ಬಿಡುತ್ತಾರೆ. ಆಟ ಬೇಜಾರಾಗಿ ಬಿಟ್ಟವರು ಕಡಿಮೆ. "ಒಬ್ಬಳನ್ನೇ ಅಷ್ಟು ದೂರ ಹೇಗೆ ಕಳಿಸೋದು ಸರ್?" ಅಂತ ಮನೆಯವರು ಬಿಡಿಸಿದ್ದೇ ಜಾಸ್ತಿ.

ನಮ್ಮ ರಾಜ್ಯವನ್ನೇ ನೋಡಿ. ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗಿ 29 ವರ್ಷಗಳ ಮೇಲೆ, 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಪಕ್ಕದ ಚೆನ್ನೈ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು. ನಮ್ಮ ಮಕ್ಕಳು ದಡ್ಡರಾಗಿದ್ದರಾ? ಖಂಡಿತ ಇಲ್ಲ. ಅಲ್ಲಿ ಟೂರ್ನಿ, ಕೋಚು, ಜೊತೆಗೆ ಆಡುವ ಗಟ್ಟಿ ಆಟಗಾರರು ಊರಲ್ಲೇ ಸಿಗುತ್ತಿದ್ದರು. ಈಗ ನಮ್ಮಲ್ಲೂ ಬರುತ್ತಿದ್ದಾರೆ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ, ಅದೇ ವರ್ಷ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಕೂಡ ಆದ.

ಹತ್ತು ಮಕ್ಕಳನ್ನು ಯುರೋಪಿಗೆ ಕಳಿಸುವ ಬದಲು ನಾಲ್ಕೈದು ವಿದೇಶಿ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಇಲ್ಲಿಗೇ ಕರೆಸಿ ನಾರ್ಮ್ ಟೂರ್ನಿ ಮಾಡಬಹುದಲ್ವಾ? ಮೈಸೂರಿನಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು, ಪ್ರತಿ ವರ್ಷ. ಮುಂದೆ ಯಾರು ಅಂತ ಕೇಳುವವರಲ್ಲಿ ಕಂಪನಿ ನಡೆಸುವವರೂ ಇರುತ್ತಾರೆ. ಅವರನ್ನು ನಾನು ಈಗ ನೇರವಾಗಿಯೇ ಕೇಳುತ್ತೇನೆ, ಒಂದು ಟೂರ್ನಿಯ ಖರ್ಚು ನೀವು ವಹಿಸಿಕೊಳ್ತೀರಾ ಅಂತ.