ಬಂಗಾರಪೇಟೆ ದಾರಿಯ ಮಜ್ಜಿಗೆ ಚಪ್ಪರ

ಕೋಲಾರಕ್ಕೆ ಹೋದವರು ಅಂತರಗಂಗೆ ಹತ್ತಿ, ಸೋಮೇಶ್ವರನ ಗುಡಿಯ ಕಂಬಗಳನ್ನು ನೋಡಿ, ಸಂಜೆಗೆ ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪುರಿ ತಿಂದು ವಾಪಸಾಗುತ್ತಾರೆ. ಮೂರೂ ಆಯಿತು. ಪಾನಿಪುರಿಗೆ ಸಿಗುವ ಹೊಗಳಿಕೆ ಸ್ವಲ್ಪ ಜಾಸ್ತಿಯೇ. ಬರೆಯಬೇಕು ಅನ್ನಿಸಿದ್ದು ಮಾತ್ರ ನಡುದಾರಿಯಲ್ಲಿ, ಸಣ್ಣದೊಂದು ಚರ್ಚಿನ ಗೇಟಿಗೆ ಆತು ನಿಂತಿದ್ದ ತೆಂಗಿನ ಗರಿಯ ಚಪ್ಪರದ ಬಗ್ಗೆ.

ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಕ್ರೈಸ್ತರಿಗೆ ಉಪವಾಸ, ದಾನಗಳ ಕಾಲ. ಈ ಸೀಮೆಯಲ್ಲಿ ಬಿಸಿಲು ಏರುವುದೂ ಆಗಲೇ. ಚಪ್ಪರದಡಿ ಎರಡು ಸ್ಟೀಲ್ ಡ್ರಮ್ಮು, ಎರಡು ಡಜನ್ ಲೋಟ, ಅರವತ್ತು ದಾಟಿದ ಒಬ್ಬ ಅಮ್ಮ, ಅವರ ಕೈಕೆಳಗೆ ಇಬ್ಬರು ಹುಡುಗರು. ಟೊಮೆಟೊ ಲಾರಿಯವರು, ಇಟ್ಟಿಗೆ ಗೂಡಿನವರು, ಬಸ್ಸು ತಪ್ಪಿಸಿಕೊಂಡವರು, ಯಾರು ನಿಂತರೂ ಒಂದು ಲೋಟ ನೀರುಮಜ್ಜಿಗೆ.

ಮೊದಲ ಅಚ್ಚರಿ ನೀರಿನ ವಿಷಯದಲ್ಲಿ. ಹಿತ್ತಲಲ್ಲೇ ಬೋರ್‌ವೆಲ್ ಇದ್ದರೂ ಹುಡುಗರು ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರುತ್ತಿದ್ದರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಿದ್ದರೆ ಮೂಳೆಗೂ ಏಟು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಪುಣ್ಯಕ್ಕೆಂದು ಅರವಟ್ಟಿಗೆ ಇಡುವವರಲ್ಲಿ ಎಷ್ಟೋ ಜನ ಇದನ್ನು ಯೋಚಿಸುವುದೇ ಇಲ್ಲ.

ಅಳತೆಯೂ ಖಚಿತ. ಐದು ಲೀಟರ್ ಮೊಸರು ಕಡೆದು ಇಪ್ಪತ್ತು ಲೀಟರ್ ನೀರು. ನೂರು ಗ್ರಾಂ ಚಿಲ್ಲರೆ ಉಪ್ಪು, ಜಜ್ಜಿದ ಶುಂಠಿ, ಬೀಜ ತೆಗೆದ ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು. ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಲೇಬೇಕು, ಯಾಕೆಂದರೆ ಓಡುವ ಬಸ್ಸಿಗೆ ಕಣ್ಣಿಟ್ಟು ಗಟಗಟ ಕುಡಿಯುವವರ ಗಂಟಲಿಗೆ ಕರಿಬೇವು ಸಿಕ್ಕಿಕೊಳ್ಳುತ್ತದೆ. ಇನ್ನೂರು ಮಿಲಿ ಲೋಟದಲ್ಲಿ ನೂರಿಪ್ಪತ್ತೈದು ಜನಕ್ಕೆ ಆಗುತ್ತದೆ. ಒಟ್ಟಿಗೇ ಕಲಸಿಟ್ಟರೆ ಮಧ್ಯಾಹ್ನಕ್ಕೆ ಹುಳಿ, ಹಾಗಾಗಿ ಬೆಳಿಗ್ಗೆ ಹತ್ತಕ್ಕೊಂದು ಸಲ, ಮಧ್ಯಾಹ್ನ ಒಂದಕ್ಕೊಂದು ಸಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಬಿಡುತ್ತದೆ. ಮೀನಿನ ಅಂಗಡಿಯ ಐಸ್ ಅಂತೂ ಬೇಡವೇ ಬೇಡ. ಪಾನಕ ಯಾಕಿಲ್ಲ ಅಂದರೆ, ಸಕ್ಕರೆ ಕಾಯಿಲೆಯವರು ಸಂಕೋಚಕ್ಕೆ ಕುಡಿದುಬಿಡುತ್ತಾರಂತೆ.

ಲೋಟವನ್ನು ಅಮ್ಮ ಮೇಜಿನ ಮೇಲಿಡುತ್ತಿರಲಿಲ್ಲ, ಮೇಲಿನಿಂದ ಹುಯ್ಯುತ್ತಲೂ ಇರಲಿಲ್ಲ. ಕೈಯಿಂದ ಕೈಗೇ. ಹಳ್ಳಿಯ ಟೀ ಅಂಗಡಿಗಳಲ್ಲಿ ಯಾರಿಗೆ ಯಾವ ಲೋಟ ಎಂಬ ಲೆಕ್ಕ ಗೊತ್ತಿರುವವರಿಗೆ ಇದು ಕಣ್ಣಿಗೆ ಬೀಳದೆ ಇರದು. ಒಬ್ಬ ಹುಡುಗ ಬಂದವರನ್ನು ‘ಅಣ್ಣಾ, ನಿಮ್ಮ ಹೆಸರು?’ ಅಂದ. ಅಮ್ಮ ತಡೆದರು.

‘ಹೆಸರು ಕೇಳಬೇಡ್ರೋ. ಹೆಸರು ಕೇಳೋದೂ ಒಂದೇ, ಜಾತಿ ಕೇಳೋದೂ ಒಂದೇ.’

‘ಊರು ಕೇಳ್ಬೋದಾ ಅಮ್ಮಾ?’

‘ಕುಡಿದಾದ್ಮೇಲೆ ಅವರಾಗೇ ಹೇಳಿದ್ರೆ ಕೇಳಿಸ್ಕೊ.’

ಪಕ್ಕದಲ್ಲಿ ಸುವಾರ್ತೆಯ ಕರಪತ್ರದ ಕಟ್ಟು ಇದೆಯೇ ಎಂದು ಕಣ್ಣು ಹುಡುಕಿತು. ಇರಲಿಲ್ಲ. ಕೇಳಿದ್ದಕ್ಕೆ ಅವರು ಲೋಟ ತೊಳೆಯುತ್ತಲೇ ಹೇಳಿದರು: ‘ಕಾಗದ ಬೇಕಾದೋರು ಒಳಗೆ ಬಂದು ಕೇಳ್ತಾರೆ. ಮಜ್ಜಿಗೆ ಜೊತೆ ಕೊಟ್ರೆ ಮಜ್ಜಿಗೆಗೆ ರೇಟು ಹಾಕ್ದಂಗಾಯ್ತದೆ.’

ಬೈಬಲಿನ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯೊಂದಿದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಏಟಿಗೆ ಬಿದ್ದವನಿಗೆ ಹೆಸರಿಲ್ಲ, ಅವನನ್ನು ಎತ್ತಿದ, ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯ ಸೀಮೆಯವನಿಗೂ ಇಲ್ಲ. ಇರುವುದು ಕೆಲಸದ ವಿವರ: ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ, ಪಟ್ಟಿ, ತನ್ನ ಸವಾರಿಯ ಪ್ರಾಣಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ. ಅಂದರೆ ಎರಡು ದಿನದ ಕೂಲಿ. ವಿಚಿತ್ರವೆಂದರೆ ನಮ್ಮ ಕಾನೂನೂ ಅಲ್ಲಿಗೇ ಬಂದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಅಪಘಾತದಲ್ಲಿ ನೆರವಾದವರಿಗೆ ಅದೇ ಸಮಾರ್ಯದವನ ಹೆಸರಿನಿಂದ ರಕ್ಷಣೆ ಕೊಡುತ್ತದೆ. ಅವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ಹೆದ್ದಾರಿ ಹತ್ತಿರವಿರುವುದರಿಂದ ಹುಡುಗರಿಗೆ ಅದರ ತರಬೇತಿಯೂ ಆಗಿತ್ತು. ಮೊದಲು 108. ಕುತ್ತಿಗೆ ಅಲ್ಲಾಡಿಸಬಾರದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯುವುದು, ಆಗಾಗ ಎತ್ತಿ ನೋಡದೆ. ಬಿದ್ದವರು ನೀರು ಕೇಳಿದರೂ ಬಾಯಿಗೆ ಹಾಕಬಾರದು: ಎಚ್ಚರ ತಪ್ಪಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ, ಆಪರೇಷನ್ ಬೇಕಾದರೆ ತೊಡಕಾಗುತ್ತದೆ. ಬಿಸಿಲಿಗೆ ಬಿದ್ದು ಅಡ್ಡಾದಿಡ್ಡಿ ಮಾತಾಡುವವರಿಗೂ ಮಜ್ಜಿಗೆಯಿಲ್ಲ. ನೆರಳು, ಒದ್ದೆ ಬಟ್ಟೆ, ಗಾಳಿ, ಆಂಬುಲೆನ್ಸ್.

ಕರುಣೆ ಕೆಡುವುದು ಇಂಥಲ್ಲೇ. ಬೇರೊಂದು ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಬನ್ನು ಹಂಚಲು ಹೋದವರು, ಬೆಳಿಗ್ಗೆ ಶಸ್ತ್ರಚಿಕಿತ್ಸೆಗೆ ಕಾದಿದ್ದವನ ಕೈಗೂ ಒಂದು ಕೊಟ್ಟರಂತೆ. ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರ ಕನಿಷ್ಠ ಆರು ಗಂಟೆ ಕೂಡದು. ಅವನ ಸರದಿ ಮರುದಿನಕ್ಕೆ ಹೋಯಿತು. ಅದನ್ನು ಹೇಳುವಾಗ ಅಮ್ಮನ ದನಿಯಲ್ಲಿ ಈಗಲೂ ಸಿಟ್ಟು. ಹಂಚುವುದಾದರೆ ನರ್ಸಮ್ಮನನ್ನು ಕೇಳಿ, ರೋಗಿಯ ಜೊತೆಗಿರುವವರಿಗೆ. ರಾತ್ರಿಯೆಲ್ಲ ನೆಲದ ಮೇಲೆ ಕೂತವರನ್ನು ‘ಊಟ ಆಯ್ತಾ?’ ಅನ್ನುವವರು ಯಾರೂ ಇರುವುದಿಲ್ಲ.

ಆಮೇಲಿನ ಕೆಜಿಎಫ್, 2001ರಲ್ಲಿ ಮುಚ್ಚಿದ ಚಿನ್ನದ ಗಣಿ, ಅದರ ತ್ಯಾಜ್ಯ ಸುರಿದ ಸಯನೈಡ್ ಗುಡ್ಡ ಎಲ್ಲ ಅರ್ಧ ದಿನದಲ್ಲಿ ಮುಗಿಯಿತು. ವಾಪಸು ಬರುವಾಗ ಚಪ್ಪರದ ಮುಂದೆ ಮತ್ತೆ ಇಳಿದದ್ದು ಮೂರೂವರೆಗೆ. ಡ್ರಮ್ಮು ಖಾಲಿ, ಲೋಟಗಳು ಬೋರಲು. ಲಾರಿಯ ಕ್ಲೀನರ್ ಒಬ್ಬನಿಗೆ ಉಳಿದದ್ದು ಬರೀ ನೀರು. ಕುಡಿದು, ಏನೂ ಹೇಳದೆ ಲಾರಿಗೆ ಹೋಗಿ, ಎರಡೂ ಕೈ ತುಂಬ ಟೊಮೆಟೊ ತಂದು ಮೇಜಿನ ಮೇಲಿಟ್ಟು ಹತ್ತಿಕೊಂಡ. ಅಮ್ಮ ಒಂದನ್ನು ಒತ್ತಿ ನೋಡಿ, ‘ನಾಳೆ ಸಾರಿಗೆ ಆಯ್ತದೆ’ ಅಂದು ಸೆರಗಿಗೆ ಸುರಿದುಕೊಂಡರು.