ಹೆರಿಂಗ್ ಹಿಂಡು: ಬೆಳ್ಳಿಯ ಕಾಟ ತಪ್ಪಿತು

ನಾನು ಬರೆಯುತ್ತಿರುವ ಹೆರಿಂಗ್ ಎಂಬ ಕಡಲ ಮೀನಿನ ಹಿಂಡಿನ ಚಿತ್ರ ಅಂತೂ ಹಿಂಡಿನ ಥರ ಕಾಣುತ್ತಿದೆ! ಪೆನ್ಸಿಲ್, ಟ್ರೇಸಿಂಗ್, ಶಾಯಿಯಲ್ಲಿ ಅದ್ದಿ ಬರೆಯುವ ಡಿಪ್ ಪೆನ್ನಿನ ಗೆರೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ. ನನ್ನ ತಲೆ ತಿಂದದ್ದು ಬೆಳ್ಳಿ ಬಣ್ಣ.

ನನಗೆ ಬೇಕಿದ್ದದ್ದು ಹದಿನೆಂಟನೇ ಶತಮಾನದ ತಾಮ್ರದ ಅಚ್ಚಿನ ಚಿತ್ರದ ಕಳೆ. ಜರ್ಮನಿಯ ವೈದ್ಯ, ಮೀನು ತಜ್ಞ ಮಾರ್ಕಸ್ ಎಲೀಸರ್ ಬ್ಲಾಖ್ 1782ರಿಂದ 1795ರವರೆಗೆ ಹೊರತಂದ ಮೀನಿನ ಸಂಪುಟಗಳಲ್ಲಿ 432 ಚಿತ್ರಪುಟಗಳಿವೆ. ಅಚ್ಚಾದ ಮೇಲೆ ಕೈಯಲ್ಲೇ ಬಣ್ಣ ತುಂಬಿದವು, ಹೊಳಪಿಗೆ ಅಲ್ಲಲ್ಲಿ ಬೆಳ್ಳಿಯೂ ಇದೆ. ಆದರೆ ಅಲ್ಲಿ ಸಾಮಾನ್ಯವಾಗಿ ಪುಟಕ್ಕೊಂದೇ ಮೀನು, ರೆಕ್ಕೆಯೆಲ್ಲ ಬಿಚ್ಚಿಕೊಂಡು, ಫೋಟೋಗೆ ನಿಂತ ಮದುಮಗನ ಹಾಗೆ. ಅದೇ ಬೆಳ್ಳಿ ಹೊಟ್ಟೆ, ಅದೇ ನೀಲಿ ಬೆನ್ನನ್ನು ಹಿಂಡಿನ ಪ್ರತಿ ಮೀನಿಗೂ ಹಾಕಿ ನೋಡಿ, ಸಿಗುವುದು ಸ್ಟಿಕ್ಕರ್ ಹಾಳೆ.

ಬಣ್ಣದ ಕಥೆ ಬೇರೆ. ಬೆಳ್ಳಿ ಹೊಳಪಿಗೆಂದು ತರಿಸಿದ ಡಬ್ಬಿ ಮೇಲೆ ನುಣ್ಣನೆಯ ಮೈಕಾ (ಅಭ್ರಕ) ಪುಡಿ ಅಂತ ಬರೆದಿತ್ತು, ಒಳಗೆ ನೋಡಿದರೆ ಗ್ಲಿಟರ್. ಮಾರಿದವರನ್ನು ಕೇಳಿದರೆ ‘ಚೆನ್ನಾಗಿ ಕಲಕಿ’ ಅಂತ ಉತ್ತರ. ಕಲಕಿದರೆ ಕಣ ಸಣ್ಣದಾಗುತ್ತಾ? ನಿಜವಾದ ಬೆಳ್ಳಿಯನ್ನೇ ಹಚ್ಚೋಣ ಅಂದರೆ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಅದು ಕಪ್ಪಾಗುತ್ತದೆ.

ದಾರಿ ಸಿಕ್ಕಿದ್ದು ಮೀನಿನ ಚರ್ಮದಲ್ಲಿ. ಹೆರಿಂಗ್ ಹೊಳೆಯುವುದು ಚರ್ಮದಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಹರಳುಗಳ ತೆಳು ಪದರಗಳಿಂದ. ಮಜಾ ಏನಂದರೆ, ಮೈ ಗುಂಡಗಿದ್ದರೂ ಪಕ್ಕೆಯ ಹರಳುಗಳು ಬಹುಮಟ್ಟಿಗೆ ನೆಟ್ಟಗೆ ನಿಂತಿರುತ್ತವೆ. ನೀರೊಳಗೆ ಬೆಳಕು ಮೇಲಿಂದ ಜಾಸ್ತಿ, ಕೆಳಗಿಂದ ಕಮ್ಮಿ, ಸುತ್ತ ಎಲ್ಲ ಕಡೆಯಿಂದ ಹೆಚ್ಚುಕಮ್ಮಿ ಒಂದೇ ಸಮ. ಅಂಥ ಕಡೆ ನೆಟ್ಟಗಿನ ಕನ್ನಡಿಯಲ್ಲಿ ಕಾಣುವ ನೀರಿಗೂ ಅದರ ಹಿಂದಿನ ನೀರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ನೆಟ್ಟಗೆ ಈಜುವ ಮೀನು ಮಾಯ, ಓರೆಯಾದ ಮೀನು ಮಾತ್ರ ಫಳ್ ಅಂತ ಹೊಳೆಯುತ್ತದೆ! ಹಳೆಯ ಚಿತ್ರಕಾರರ ಮುಂದಿದ್ದದ್ದು ಬಹುಪಾಲು ಸತ್ತು ಮಲಗಿದ ಮೀನು, ಅವರು ಮೈಯೆಲ್ಲ ಬೆಳ್ಳಿ ಬಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಸರಿ, ಹೊಸ ಹಾಳೆಗೆ ತೆಳು ಹಸಿರು-ಬೂದು ವಾಶ್, ಅಂದರೆ ನೀರು ನೀರಾದ ಬಣ್ಣ, ಎಳೆದೆ. ಬ್ಲಾಖ್ ಪುಟಗಳಲ್ಲಿ ಮೀನಿನ ಹಿಂದೆ ಖಾಲಿ ಕಾಗದ, ಆದರೆ ಕನ್ನಡಿಗೆ ತೋರಿಸಲು ನೀರು ಬೇಕಲ್ವಾ? ನೆಟ್ಟಗಿನ ಮೀನುಗಳ ಹೊಟ್ಟೆಗೂ ಅದೇ ವಾಶ್. ಬೆನ್ನಿನ ಗೆರೆ, ಕಣ್ಣು, ಕಿವಿರಿನ ಅಂಚು ಇಷ್ಟಿದ್ದರೆ ಆಕಾರ ನಿಲ್ಲುತ್ತದೆ, ಹುರುಪೆ ಒಂದೊಂದಾಗಿ ಎಣಿಸಿ ಬರೆಯುವ ಕೆಲಸವೂ ಉಳಿಯಿತು. ಹಿಂಡು ತಿರುಗುವ ಕಡೆ ಓರೆಯಾದ ಕೆಲವೇ ಮೀನಿಗೆ ಕಾಗದವನ್ನು ಬಿಳಿಯಾಗಿ ಬಿಟ್ಟು ಮೇಲೆ ಮೈಕಾ ಹಚ್ಚಿದೆ. ಹೌದು, ಅದೇ ಡಬ್ಬಿಯದು. ನೀರಲ್ಲಿ ಕದಡಿ, ದಪ್ಪ ಕಣ ತಳ ಸೇರಿದ ಮೇಲೆ ಮೇಲಿನ ಮಬ್ಬು ನೀರು ಬಸಿದು, ಅದರಲ್ಲಿನ ನುಣ್ಣನೆ ಪುಡಿ ತಳಕ್ಕಿಳಿದ ಮೇಲೆ ಆ ಪುಡಿಗೆ ಗಮ್ ಅರೇಬಿಕ್ ಎಂಬ ಗೋಂದು ಸೇರಿಸಿದೆ. ಕಲಕಿ ಅಂದದ್ದು ಸರಿಯೇ ಆಯಿತು, ಆದರೂ ನನ್ನ ದುಡ್ಡು ವಾಪಸ್ ಬೇಕು.

ಮುಂದಿನದು ಹಾರುಮೀನು. ಆ ರೆಕ್ಕೆಯ ಪೊರೆಯ ಮೂಲಕ ಹಿಂದಿನ ಅಲೆಯ ಗೆರೆ ಕಾಣಬೇಕು, ಅದಕ್ಕೆ ಇನ್ನೂ ಸಣ್ಣ ನಿಬ್ ಹುಡುಕುತ್ತಿದ್ದೇನೆ, ಯಾರ ಹತ್ತಿರ ಒಳ್ಳೆಯದಿದೆ ಹೇಳಿ. ಅದಕ್ಕೂ ಮೊದಲು ಈ ಹಾಳೆಯ ಕೆಳಗಿನ ಎಡ ಮೂಲೆ ಬಾಕಿ. ಅಲ್ಲಿ ಬಾಲಗಳು ಒಂದರ ಮೇಲೊಂದು ಬಿದ್ದು ಯಾವುದು ಯಾರದ್ದು ಗೊತ್ತಾಗುತ್ತಿಲ್ಲ, ಹೊಸ ಬ್ಲೇಡ್ ಹಾಕಿ ಒಂದೆರಡನ್ನು ಕೆರೆದು ತೆಗೆಯಬೇಕು.